ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ಗದ್ಯಕ್ಕೆ ಇಳಿಯುವುದು ಯಾಕೆ?

ಕಾಪು_ಹುಡುಗ

ಹಗಲು ಉಡುಪಿಯ ರಥಬೀದಿ ಹತ್ತಿರ ಅಂಗಡಿ ಕೆಲಸ, ರಾತ್ರಿ ಓದು. ಬಿ.ಎ.ಗೆ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಇದೆ. ಐದನೇ ಅಂಕದ ಮೊದಲ ದೃಶ್ಯದಲ್ಲಿ ಸಿಕ್ಕಿಬಿದ್ದಿದ್ದೇನೆ. ಗಂಡನಿಗೆ ಕುಮ್ಮಕ್ಕು ಕೊಟ್ಟು ರಾಜನನ್ನು ಕೊಲ್ಲಿಸಿದ ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುತ್ತಾಳೆ, ಕೈ ಉಜ್ಜುತ್ತಾಳೆ. ‘ರಕ್ತ ಅಂದರೆ ಪಾಪಪ್ರಜ್ಞೆ’ ಅಂತ ಎರಡು ಪುಟ ಬರೆದೆ. ಮೇಡಂ ಕೆಂಪು ಪೆನ್ನಲ್ಲಿ ‘ಭಾಷೆ ಎಲ್ಲಿ?’ ಅಂತ ಕೇಳಿದ್ದಾರೆ. ಮತ್ತೆ ಓದಿದಾಗ ಕಂಡಿತು: ಅಷ್ಟು ಹೊತ್ತು ಪದ್ಯದಲ್ಲಿ ಮಾತಾಡಿದವಳು ಇಲ್ಲಿ ಗದ್ಯಕ್ಕೆ ಇಳಿದಿದ್ದಾಳೆ. ಮನಸ್ಸು ಕೆಟ್ಟಿದೆ, ಅದಕ್ಕೇ ಗದ್ಯ ಅಂತ ಗೈಡಿನಲ್ಲಿದೆ. ಅಷ್ಟೇನಾ ಮಾರಾಯ್ರೆ?

ಹಿಮ್ಮೇಳದವ

ಗೈಡ್ ಹೇಳಿದ್ದು ಸುಳ್ಳಲ್ಲ, ಅರ್ಧ. ನಾನು ತಾಳಮದ್ದಳೆಯಲ್ಲಿ ಮದ್ದಳೆ ಬಾರಿಸುವವ, ಹಾಗಾಗಿ ಕಿವಿಯಿಂದಲೇ ಹೇಳುತ್ತೇನೆ. ಈ ನಾಟಕದಲ್ಲಿ ದೊಡ್ಡವರ ಮಾತಿಗೆ ಸಾಲಿಗೆ ಸುಮಾರು ಹತ್ತು ಅಕ್ಷರ, ಐದು ಪೆಟ್ಟು. ಮಾಟಗಾತಿಯರಿಗೆ ಹೆಚ್ಚಾಗಿ ನಾಲ್ಕೇ ಪೆಟ್ಟು, ಮೇಲಿಂದ ಪ್ರಾಸ. ನಮ್ಮ ಯಕ್ಷಗಾನದಲ್ಲಿ ರಾಕ್ಷಸರ ಬಣ್ಣದ ವೇಷ ಬರುವಾಗ ಚೆಂಡೆಯೇ ಬೇರೆ ಅಲ್ವಾ, ಹಾಗೆ.

ಈಗ ಆ ದೃಶ್ಯ ಗಟ್ಟಿಯಾಗಿ ಓದಿ. ‘ಒಂದು, ಎರಡು’ ಅಂತ ಗಂಟೆ ಎಣಿಸಿದ ಹಾಗೆ ಎಣಿಸುತ್ತಾಳೆ. ಕೂಡಲೇ ನರಕ ಕತ್ತಲು ಅನ್ನುತ್ತಾಳೆ. ಕೂಡಲೇ ಗಂಡನಿಗೆ ಬೈಗುಳ. ನಡುವೆ ಫೈಫ್‌ನ ಸರದಾರನಿಗೆ ಒಬ್ಬ ಹೆಂಡತಿ ಇದ್ದಳು ಅನ್ನುವ ಸಾಲು. ಇಂಗ್ಲಿಷಿನಲ್ಲಿ ‘ಫೈಫ್’, ‘ವೈಫ್’ ಪ್ರಾಸ ಕೂಡಿ ಮಕ್ಕಳ ಪದ್ಯದ ಹಾಗೆ ಕೇಳುತ್ತದೆ. ಮ್ಯಾಕ್‌ಬೆತ್ ಕೊಲ್ಲಿಸಿದವಳ ಬಗ್ಗೆ! ತಾಳ ತಪ್ಪಿದ ಮೇಲೂ ಕೈ ಅಭ್ಯಾಸದಲ್ಲಿ ಒಂದು ಮುಕ್ತಾಯ ಬಾರಿಸಿಬಿಡುತ್ತದೆ. ನನಗೆ ಅಲ್ಲೇ ಮೈ ಜುಂ ಅನ್ನುವುದು.

ನಮ್ಮ ಬಂಟ್ವಾಳ ಕಡೆಯ ಬಿ.ವಿ. ಕಾರಂತರು 1979ರಲ್ಲಿ ಈ ನಾಟಕವನ್ನೇ ‘ಬರ್ನಮ್ ವನ’ ಅಂತ ಹಿಂದಿಯಲ್ಲಿ ಯಕ್ಷಗಾನದ ಧಾಟಿಯಲ್ಲಿ ಆಡಿಸಿದ್ದರು. ಸುಮ್ನೆ ನೆನಪಾಯಿತು.

ಬಿಜೈ_ಅಕ್ಕ

ತಮ್ಮಾ, ತಾಳ ಸರಿ. ನೀನು ಶಬ್ದವನ್ನೂ ಹಿಡಿ. ಕೊಲೆಗೆ ಮೊದಲು ಅವಳು ಅದಕ್ಕೆ ಇಟ್ಟ ಹೆಸರು ‘ಈ ರಾತ್ರಿಯ ದೊಡ್ಡ ಕೆಲಸ’. ಗಂಡನದಂತೂ ಬರೀ ‘ಅದು’. ಮೂರನೇ ಅಂಕದಲ್ಲಿ ಅವನನ್ನು ಸಮಾಧಾನ ಮಾಡುವುದು ‘ಆದದ್ದು ಆಯ್ತು’ ಅಂತ, ಸಾವಿನ ಮನೆಯಲ್ಲಿ ನಾವು ಹೇಳುವ ಹಾಗೇ. ನಿದ್ದೆಯಲ್ಲಿ ಅದೇ ಕ್ರಿಯಾಪದ ತಿರುಗಿ ಬರುತ್ತದೆ: ಆದದ್ದನ್ನು ಆಗದ ಹಾಗೆ ಮಾಡಲಿಕ್ಕೆ ಆಗುವುದಿಲ್ಲ. ನಿನ್ನ ರಕ್ತಕ್ಕೂ ಹೀಗೇ. ಎರಡನೇ ಅಂಕದಲ್ಲಿ ಸ್ವಲ್ಪ ನೀರು ಸಾಕು ಅಂದವಳು, ಈಗ ಅರೇಬಿಯಾದ ಅತ್ತರೆಲ್ಲ ಸುರಿದರೂ ಸಾಲದು ಅನ್ನುತ್ತಾಳೆ.

ಇನ್ನೊಂದು. ಅವಳು ಮೊದಲು ರಂಗಕ್ಕೆ ಬರುವುದೂ ಗದ್ಯದಲ್ಲೇ, ಗಂಡನ ಕಾಗದ ಓದುತ್ತಾ! ಅವಳ ಕೊನೆಯ ದೃಶ್ಯವಾದ ಇಲ್ಲಿ ಸಖಿ ಹೇಳುವುದು ನೋಡು: ರಾಣಿ ನಿದ್ದೆಯಲ್ಲೇ ಕಾಗದ ತೆಗೆದು, ಮಡಚಿ, ಬರೆದು, ಓದಿ, ಮುದ್ರೆ ಒತ್ತುತ್ತಾಳೆ. ಏನು ಬರೆದಳು ಅಂತ ನಾಟಕ ಹೇಳುವುದೇ ಇಲ್ಲ. ಬರೀ ಹುಚ್ಚು ಅಂದುಬಿಟ್ಟರೆ ಈ ಕಾಗದ ಕೈ ತಪ್ಪಿ ಹೋಗುತ್ತದೆ.

ಕಾಪು_ಹುಡುಗ

ಅಕ್ಕಾ, ಆ ಕಾಗದ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಈಗ ಇನ್ನೊಂದು ಕಂಡಿತು. ಪಕ್ಕದಲ್ಲಿ ಯಾವಾಗಲೂ ದೀಪ ಇರಬೇಕು ಅಂತ ಅವಳದ್ದೇ ಅಪ್ಪಣೆಯಂತೆ. ಮೊದಲನೇ ಅಂಕದಲ್ಲಿ ‘ದಟ್ಟ ಇರುಳೇ ಬಾ’ ಅಂತ ಕರೆದವಳು ಇವಳೇ ಅಲ್ವಾ?

ಬಿಜೈ_ಅಕ್ಕ

ಇವಳೇ. ಅದನ್ನು ಮೊದಲ ಪ್ಯಾರಾಕ್ಕೆ ಹಾಕು.