ಮಳೆಯಾಶ್ರಿತ ಜಮೀನನ್ನು ಸೌರ ವಿದ್ಯುತ್ ಸ್ಥಾವರಕ್ಕೆ ಗುತ್ತಿಗೆ ಕೊಡುವುದು ಸರಿಯೇ?

ಕೆಂಪುಮಣ್ಣು:
ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ತಾಲ್ಲೂಕಿನಲ್ಲಿ ನಮ್ಮ ಕುಟುಂಬಕ್ಕೆ 11 ಎಕರೆ ಮಳೆಯಾಶ್ರಿತ ಜಮೀನಿದೆ. ಶೇಂಗಾ ಬಿತ್ತುತ್ತೇವೆ, ಮಳೆ ಕೈಕೊಟ್ಟ ವರ್ಷ ಬಿತ್ತನೆ ಬೀಜಕ್ಕೆ ಹಾಕಿದ ಹಣವೂ ಹುಟ್ಟುವುದಿಲ್ಲ. ಇದ್ದ ಎರಡು ಕೊಳವೆಬಾವಿಗಳಲ್ಲಿ ಒಂದು ಪೂರ್ತಿ ಬತ್ತಿದೆ. ಈಗ ಖಾಸಗಿ ಕಂಪನಿಯೊಂದರವರು ಊರಿಗೆ ಬಂದು, ಸೌರ ವಿದ್ಯುತ್ ಸ್ಥಾವರಕ್ಕೆಂದು ನಮ್ಮ ಜಮೀನನ್ನು 25 ವರ್ಷದ ಗುತ್ತಿಗೆಗೆ ಕೇಳುತ್ತಿದ್ದಾರೆ. ಎಪ್ಪತ್ತು ದಾಟಿದ ತಂದೆಯವರಿಗೆ ಇದು ಒಪ್ಪಿಗೆ. ತಾಯಿಯವರಿಗೆ ಇಲ್ಲ, ಏಕೆಂದರೆ ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲೂ ಅಕ್ಕಪಕ್ಕದವರ ಹೊಲಗಳಲ್ಲೂ ಮೇಯುವ ಅವರ ಕುರಿಗಳಿಗೆ ಬೇಲಿ ಹಾಕಿದ ಮೇಲೆ ಜಾಗವಿರುವುದಿಲ್ಲ.

ನನ್ನ ಪ್ರಶ್ನೆ ಹಣದ್ದಷ್ಟೇ ಅಲ್ಲ. ಕಲ್ಲಿದ್ದಲನ್ನು ನಾವು ಬಿಡಲೇಬೇಕೆಂದು ನಂಬಿದವನು ನಾನು. ಆದರೆ ಬಂದವರು ನಮ್ಮ ಹೊಲವನ್ನು ‘ಬಂಜರು’ ಎಂದು ಕರೆದಾಗ ಮನಸ್ಸಿಗೆ ನೋವಾಯಿತು. ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ಹುಲ್ಲುಗಾವಲು ಈಗಾಗಲೇ ಬೇರೆ ಬೇರೆ ಯೋಜನೆಗಳಿಗೆ ಹೋಗಿದೆ. ಕುರಿ ಸಾಕುವವರಿಗೆ ಉಳಿದಿರುವುದು ಇಂಥ ಹೊಲಗಳೇ. ಪರಿಸರಕ್ಕೆ ಒಳ್ಳೆಯದೆಂದು ಕೈಗೊಂಡ ಕೆಲಸ ನಮ್ಮೂರಿನ ಪರಿಸರವನ್ನೇ ಕೆಡಿಸಬಹುದೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಪಾವಗಡದವನು:
ನಮ್ಮ ಕಡೆಯ ಸಂಗತಿ ಹೇಳುತ್ತೇನೆ. ತಿರುಮಣಿ, ವಳ್ಳೂರು, ಬಾಲಸಮುದ್ರ ಮುಂತಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ನಿಂತಿದೆ. 2018ರ ಮಾರ್ಚ್‌ನಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು, 2019ರ ಕೊನೆಯ ಹೊತ್ತಿಗೆ ಪೂರ್ಣ ಸಾಮರ್ಥ್ಯಕ್ಕೆ ಬಂತು. ಅಲ್ಲಿ ಭೂಸ್ವಾಧೀನ ಮಾಡದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಒಳ್ಳೆಯ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಪಹಣಿ ಇಂದಿಗೂ ರೈತರ ಹೆಸರಿನಲ್ಲಿದೆ.

ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ ಎಂಬುದು ಒಪ್ಪಂದ. ಬರಕ್ಕೆ ಹೆಸರಾದ ತಾಲ್ಲೂಕಿನಲ್ಲಿ ವರ್ಷವೂ ತಪ್ಪದೆ ಬರುವ ಹಣ ಎಂದರೆ ಸಣ್ಣ ಮಾತಲ್ಲ. ಆದರೆ ನೀವು ಕಾಗದ, ಪೆನ್ನು ತೆಗೆದುಕೊಂಡು ಕುಳಿತು ಲೆಕ್ಕ ಹಾಕಿ. ಈ ದರದಲ್ಲಿ ಹತ್ತು ವರ್ಷದ ನಂತರ ಸಿಗುವುದು ಸುಮಾರು 26,800 ರೂಪಾಯಿ. ಅಷ್ಟರಲ್ಲಿ ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ, ಇಂದಿನ 21,000 ರೂಪಾಯಿಗೆ ಸಮನಾಗಲು ಅಂದು 34,000 ರೂಪಾಯಿಗೂ ಹೆಚ್ಚು ಬೇಕು. ಆದ್ದರಿಂದ ಮೊದಲ ವರ್ಷದ ಮೊತ್ತಕ್ಕಿಂತ ಏರಿಕೆಯ ದರದ ಬಗ್ಗೆಯೇ ಹೆಚ್ಚು ಪಟ್ಟು ಹಿಡಿಯಿರಿ.

ಇನ್ನೊಂದು ಸಂಗತಿಯೂ ಇದೆ. ಗುತ್ತಿಗೆ ಹಣ ಬರುವುದು ಜಮೀನು ಇದ್ದವರಿಗೆ ಮಾತ್ರ. ಕಳೆ ತೆಗೆದು, ಶೇಂಗಾ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಣ್ಣುಮಕ್ಕಳಿಗೆ ಅದರಲ್ಲಿ ಪಾಲಿಲ್ಲ. ಕಾಮಗಾರಿ ನಡೆಯುವಾಗ ಕೆಲಸ ಬೇಕಾದಷ್ಟಿರುತ್ತದೆ. ಮುಗಿದ ಮೇಲೆ ಕಾವಲು, ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು ಇಷ್ಟೇ ಉಳಿಯುತ್ತದೆ. ತೊಳೆಯುವ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ನೀರಿಲ್ಲದೆ ಬ್ರಷ್‌ನಿಂದಲೇ ಒರೆಸುವ ಯಂತ್ರಗಳು ಬಂದಿವೆ, ಅವನ್ನೇ ಬಳಸಬೇಕೆಂದು ಕೇಳುವ ಹಕ್ಕು ನಿಮಗಿದೆ. ಬದುಗಳನ್ನು ಸಮ ಮಾಡುವ ಮೊದಲು ಸರ್ವೆ ಮಾಡಿಸಿ ಹದ್ದಿನ ಕಲ್ಲು ನೆಡಿಸುವುದನ್ನು ಮರೆಯಬೇಡಿ. 25 ವರ್ಷದ ನಂತರ ನಿಮ್ಮ ಮಕ್ಕಳು ತಮ್ಮ ಹೊಲ ಯಾವುದೆಂದು ಗುರುತಿಸಲು ಆಗಬೇಕಲ್ಲವೇ?

ನಿವೃತ್ತ ಇಂಜಿನಿಯರ್:
ವಿದ್ಯುತ್ ವಿತರಣೆಯ ಕೆಲಸದಲ್ಲಿ ಮೂವತ್ತು ವರ್ಷ ಇದ್ದವನಾಗಿ ಕೆಲವು ಮಾತು. ಒಂದು ಮೆಗಾವಾಟ್ ಸ್ಥಾವರಕ್ಕೆ ಸುಮಾರು ಐದು ಎಕರೆ ಬೇಕಾಗುತ್ತದೆ, ನಿಮ್ಮ ಭಾಗದ ಬಿಸಿಲಿಗೆ ಅದು ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್ ಕೊಡುತ್ತದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಉತ್ಪಾದಿಸಿದರೆ ಹೆಚ್ಚುಕಡಿಮೆ 900 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದರಿಂದ, ನಿಮ್ಮ 11 ಎಕರೆ ವರ್ಷಕ್ಕೆ ಎರಡೂವರೆ ಸಾವಿರ ಟನ್‌ಗಿಂತ ಹೆಚ್ಚನ್ನು ತಡೆಯಬಲ್ಲದು. ಈ ಪ್ರಯೋಜನವನ್ನು ಯಾರೂ ಅಲ್ಲಗಳೆಯಲಾಗದು. ಮಳೆ ಕೈಕೊಟ್ಟು ಜಲಾಶಯಗಳು ತುಂಬದೆ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರಂಥ ವರ್ಷದಲ್ಲೂ ಬಿಸಿಲು ಮಾತ್ರ ನಮ್ಮ ಕೈಬಿಡುವುದಿಲ್ಲ.

ತೊಡಕಿರುವುದು ಸಂಜೆಯ ಹೊತ್ತಿನಲ್ಲಿ. ಸೂರ್ಯ ಮುಳುಗಿದ ಕೂಡಲೇ ಮನೆಮನೆಯ ಬೇಡಿಕೆ ಏರುತ್ತದೆ. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆತ್ತಿ ಸಂಜೆ ಕೆಳಕ್ಕೆ ಬಿಡುವ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ರೂಪಿಸಿದ್ದು ಇದಕ್ಕೇ. ಆದರೆ ಅದು ಸಿಂಗಳೀಕಗಳ ಅಭಯಾರಣ್ಯದೊಳಗೆ ಬರುವುದರಿಂದ ಮಲೆನಾಡಿನಲ್ಲಿ ತೀವ್ರ ವಿರೋಧವಿದೆ, ಆ ವಿರೋಧದಲ್ಲಿ ನ್ಯಾಯವಿದೆ ಎಂದೇ ನಾನು ಭಾವಿಸುತ್ತೇನೆ. ಬಯಲುಸೀಮೆಯ ಬಿಸಿಲನ್ನು ಕೂಡಿಡಲು ಮಲೆನಾಡಿನ ಕಾಡು ಕಡಿಯುವ ಮೊದಲು, ಹಗಲಿನ ವಿದ್ಯುತ್ತನ್ನು ಹಗಲಿನಲ್ಲೇ ಬಳಸುವ ದಾರಿಗಳನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕು.

ಅಂಥ ದಾರಿಯೊಂದು ನಿಮ್ಮ ಊರಿನಲ್ಲೇ ಇದೆ. ರೈತರ ಪಂಪ್‌ಸೆಟ್‌ಗಳಿಗೆ ರಾತ್ರಿ ತ್ರೀಫೇಸ್ ಕೊಟ್ಟು, ಹಾವು ಚೇಳಿನ ನಡುವೆ ಕತ್ತಲಲ್ಲಿ ನೀರು ಕಟ್ಟಿಸುವ ಪದ್ಧತಿ ನಿಲ್ಲಬೇಕಾದರೆ, ಕೇಂದ್ರ ಸರ್ಕಾರದ ಕುಸುಮ್ ‘ಸಿ’ ಯೋಜನೆಯಲ್ಲಿರುವಂತೆ ಸಬ್‌ಸ್ಟೇಷನ್ ಬಳಿಯೇ ಚಿಕ್ಕ ಸೌರ ಸ್ಥಾವರ ನಿಲ್ಲಿಸಿ, ಅಲ್ಲಿನ ಕೃಷಿ ಫೀಡರ್‌ಗೆ, ಅಂದರೆ ಪಂಪ್‌ಸೆಟ್‌ಗಳಿಗೆ ಹೋಗುವ ಲೈನಿಗೆ, ಹಗಲಿನಲ್ಲೇ ವಿದ್ಯುತ್ ಕೊಡುವುದು ಉತ್ತಮ. ಉದ್ದದ ಲೈನ್ ಬೇಕಿಲ್ಲ, ಸಾಗಣೆಯ ನಷ್ಟವೂ ಕಡಿಮೆ. ಬಂದವರನ್ನು ಮೊದಲು ಇದನ್ನು ಕೇಳಿ: ಈ ವಿದ್ಯುತ್ ಯಾವ ಸಬ್‌ಸ್ಟೇಷನ್‌ಗೆ ಸೇರುತ್ತದೆ, ಅಲ್ಲಿಂದ ಯಾರಿಗೆ ಹೋಗುತ್ತದೆ?

ಜೋಳದ ಹೊಲ:
ನಾನು ಬೆಳೆದದ್ದು ಕಲ್ಲಿದ್ದಲು ಸ್ಥಾವರವೊಂದರ ಪಕ್ಕದ ಹಳ್ಳಿಯಲ್ಲಿ. ಬೇಸಿಗೆಯ ಗಾಳಿಗೆ ಬೂದಿ ಹೊಂಡದಿಂದ ಎದ್ದ ಧೂಳು ಜೋಳದ ತೆನೆಯ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ, ಮುಚ್ಚಿಟ್ಟ ಕೊಡದ ನೀರಿನ ಮೇಲೂ ಕೂರುತ್ತಿತ್ತು. ತಮ್ಮ ತಾಯಿಯವರ ಆತಂಕ ನ್ಯಾಯವಾದದ್ದೇ. ಆದರೂ ನಗರದ ದೀಪಕ್ಕಾಗಿ ಈವರೆಗೆ ಬೂದಿ ತಿಂದ ಊರುಗಳನ್ನೂ ಲೆಕ್ಕದಲ್ಲಿಡಿ ಎಂದು ಕೇಳಿಕೊಳ್ಳುತ್ತೇನೆ. ಜೊತೆಗೆ, ಅವಧಿ ಮುಗಿದ ಪ್ಯಾನೆಲ್‌ಗಳು 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಪ್ಯಾನೆಲ್, ಕಂಬ, ಕಾಂಕ್ರೀಟ್ ಎಲ್ಲವನ್ನೂ ತೆಗೆದು ಜಮೀನನ್ನು ಬಿತ್ತನೆಗೆ ಯೋಗ್ಯವಾಗಿ ಒಪ್ಪಿಸಬೇಕೆಂಬ ಮಾತು ನೋಂದಾಯಿತ ಪತ್ರದಲ್ಲೇ ಇರಲಿ.

ಕೆಂಪುಮಣ್ಣು:
ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಸಬ್‌ಸ್ಟೇಷನ್ ನಮ್ಮ ಹೊಲದಿಂದ ಮೂರು ಕಿಲೋಮೀಟರ್ ದೂರದಲ್ಲಿದೆ, ನಮ್ಮೂರ ಪಂಪ್‌ಸೆಟ್‌ಗಳೆಲ್ಲ ಅದರ ಫೀಡರ್‌ನವೇ. ತಾಯಿಯವರ ಒಂದು ಪ್ರಶ್ನೆ ಉಳಿದಿದೆ: ಪ್ಯಾನೆಲ್‌ಗಳ ಕೆಳಗೆ ಕುರಿ ಬಿಡಬಹುದೇ?

ಪಾವಗಡದವನು:
ಕುರಿ ಬಿಡಬಹುದು, ಆಡು ಬೇಡ. ಆಡು ಪ್ಯಾನೆಲ್ ಮೇಲೆ ಹತ್ತುತ್ತದೆ, ಕೇಬಲ್ ಕಚ್ಚುತ್ತದೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಹುಲ್ಲು ಕತ್ತರಿಸುವ ಖರ್ಚು ಉಳಿಯಲೆಂದು ಸ್ಥಾವರದವರೇ ಕುರಿ ಮಂದೆಗಳನ್ನು ಕರೆಸಿಕೊಳ್ಳುತ್ತಾರೆ. ಆದರೆ ಪ್ಯಾನೆಲ್‌ಗಳ ಕೆಳ ಅಂಚು ಕುರಿಯ ಬೆನ್ನಿಗಿಂತ ಎತ್ತರದಲ್ಲಿರಬೇಕು, ತಂತಿಗಳು ಕೊಳವೆಯೊಳಗೆ ಹೋಗಬೇಕು. ಕಟ್ಟಿದ ಮೇಲೆ ಎತ್ತರಿಸಲಾಗದು, ಆದ್ದರಿಂದ ನಕ್ಷೆಯ ಹಂತದಲ್ಲೇ ಕೇಳಿ. ಊರಿನ ಭೂಮಿಯಿಲ್ಲದವರ ಕುರಿಗಳಿಗೂ ಅದೇ ಪತ್ರದಲ್ಲಿ ಅವಕಾಶ ಬರೆಸಿ.

ಕೆಂಪುಮಣ್ಣು:
ನೀರಿರುವ ಕೊಳವೆಬಾವಿಯ ಸುತ್ತಲಿನ 4 ಎಕರೆಯನ್ನು ಉಳಿಸಿಕೊಂಡು, ರಸ್ತೆ ಬದಿಯ 7 ಎಕರೆಯ ಬಗ್ಗೆ ಮಾತ್ರ ಮಾತುಕತೆ ನಡೆಸಲು ತೀರ್ಮಾನಿಸಿದ್ದೇವೆ. ಮುಂದಿನ ವಾರ ಸರ್ವೆಗೆ ಅರ್ಜಿ ಹಾಕುತ್ತೇವೆ. ಮಾತುಕತೆಗೆ ತಾಯಿಯವರೂ ಬರುತ್ತಾರೆ.