ಶಾಮಣ್ಣನ ಕಣ್ಣುಪಟ್ಟಿ

ಶಾಮಣ್ಣ ಕಣ್ಣಿಗೆ ಕರಿ ಬಟ್ಟೆ ಕಟ್ಟಿಕೊಂಡೇ ಬಂದ. ಬಂದವನು ಕುರ್ಚಿಯೆಂದುಕೊಂಡು ರಾಯರ ತೊಡೆಯ ಮೇಲೆ ಕುಳಿತ.

"ಇದೇನಯ್ಯಾ ವೇಷ?" ಎಂದರು ರಾಯರು, ಅವನ ಅಡಿಯಿಂದಲೇ.

"ಮೊಮ್ಮಗನ ತರಗತಿಯಲ್ಲಿ ಹೇಳಿಕೊಡುತ್ತಾರೆ. ಕಣ್ಣು ಕಟ್ಟಿದರೆ ಮಿದುಳಿನ ನಡುವಿನ ಮಿಡ್‌ಬ್ರೈನ್ ಎಚ್ಚರಗೊಳ್ಳುತ್ತದಂತೆ. ಮಕ್ಕಳು ಹಾಗೆಯೇ ಪುಸ್ತಕ ಓದುತ್ತವೆ, ಲೆಕ್ಕ ಮಾಡುತ್ತವೆ."

"ಮೂಗಿನ ಪಕ್ಕದ ಸಂದಿಯಿಂದ ಓದುತ್ತವೆ," ಎಂದರು ಪದ್ಮಕ್ಕ. "ಪುಸ್ತಕವನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿ, ಮಿಡ್‌ಬ್ರೈನ್ ಮತ್ತೆ ಮಲಗಿಬಿಡುತ್ತದೆ. ಕಣ್ಣುಗುಡ್ಡೆ ಹೊರಳಿಸುವುದು, ಕೇಳಿದ ಸದ್ದನ್ನು ಮುಂದಕ್ಕೆ ದಾಟಿಸುವುದು, ಇಂಥವು ಅದರ ಕೆಲಸ. ಅದಕ್ಕೆ ಮಗ್ಗಿ ಕಲಿಸಿದವರು ಯಾರು?"

"ವಿಜ್ಞಾನವೇ ಹೇಳಿದೆ ಅಕ್ಕಾ!" ಶಾಮಣ್ಣ ಮೊಬೈಲನ್ನು ತಲೆಕೆಳಗಾಗಿ ಹಿಡಿದು ನಮಗೆ ತೋರಿಸಿದ. "2016ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಕಣ್ಣು ಕಾಣದವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ನೋಟಕ್ಕೆಂದು ಇರುವ ಭಾಗವೂ ಲೆಕ್ಕಕ್ಕೆ ಕೈಹಾಕುತ್ತದಂತೆ! ನನ್ನದು ಇಷ್ಟು ವರ್ಷ ಟಿವಿ ನೋಡಿಕೊಂಡು ಕುಳಿತಿತ್ತು. ಇನ್ನು ದುಡಿಯಲಿ."

"ಹದಿನೇಳನ್ನು ಇಪ್ಪತ್ತಮೂರರಿಂದ ಗುಣಿಸು, ನೋಡೋಣ," ಎಂದರು ರಾಯರು.

ಶಾಮಣ್ಣ ಬಹಳ ಹೊತ್ತು ತಿಣುಕಿದ. "ಬರೀ ಕತ್ತಲೆ ಬರುತ್ತಿದೆ."

"ಅವರೆಲ್ಲ ಹುಟ್ಟಿನಿಂದ ಕಾಣದವರು, ಮಾರಾಯ," ಎಂದರು ಪದ್ಮಕ್ಕ. "ಎಳೆಯ ಮಿದುಳಿಗೆ ಕಣ್ಣಿನಿಂದ ಸುದ್ದಿಯೇ ಬಾರದಿದ್ದಾಗ, ತಲೆಯ ಹಿಂಬದಿಯ ಆ ಜಾಗ ಸುಮ್ಮನೆ ಕೂರದೆ ಬೇರೆ ಕಸುಬು ಹಿಡಿಯಿತು. ಲೆಕ್ಕ ಕಠಿಣವಾದಷ್ಟೂ ಹೆಚ್ಚು ದುಡಿಯಿತು. ನಿನ್ನದು ಅರವತ್ತೆಂಟು ವರ್ಷ ಒಂದೇ ಮೇಜಿನಲ್ಲಿ ಕುಳಿತ ಗುಮಾಸ್ತ. ಕಿಟಕಿ ಮುಚ್ಚಿದ ಮಾತ್ರಕ್ಕೆ ಅವನು ಆಡಿಟರ್ ಆಗುತ್ತಾನೆಯೇ? ನನಗೆ ಹಿಡಿಸಿದ್ದು ಬೇರೆ. ಎಣಿಕೆಯ ಮೂಲಮನೆ ಕಾಣುವವರಿಗೂ ಕಾಣದವರಿಗೂ ಒಂದೇ, ನೆತ್ತಿಯ ಹಿಂದೆ ಎರಡೂ ಬದಿಗಿರುವ ಒಂದು ಮಡಿಕೆ. ತಮ್ಮ ಬೆರಳನ್ನೇ ನೋಡದವರಲ್ಲೂ ಅದು ಅಲ್ಲಿಯೇ ಇದೆ."

"ಹಾಗಾದರೆ ಗಣಿತಜ್ಞ ಆಯ್ಲರ್?" ಶಾಮಣ್ಣ ಸೋಲಲಿಲ್ಲ. "1766ರ ಹೊತ್ತಿಗೆ ಎರಡೂ ಕಣ್ಣು ಹೋದಂತೆಯೇ. 1775ರಲ್ಲಿ ವಾರಕ್ಕೊಂದರಂತೆ ಪ್ರಬಂಧ! ಕಣ್ಣು ಹೋಯಿತು, ಲೆಕ್ಕ ಬಂತು!"

"ಲೆಕ್ಕ ಬಂದು ನಲವತ್ತು ವರ್ಷವಾಗಿತ್ತು. ಕಣ್ಣು ಹೋದಾಗ ಅದು ಜೊತೆಗೆ ಹೋಗಲಿಲ್ಲ, ಅಷ್ಟೇ."

ರಾಯರಿಗೆ ಸಾಂಡರ್ಸನ್ ನೆನಪಾದ. ಒಂದು ವರ್ಷದ ಕೂಸಾಗಿದ್ದಾಗ ಸಿಡುಬಿನಿಂದ ಕಣ್ಣು ಕಳೆದುಕೊಂಡವನು, 1711ರಲ್ಲಿ ಕೇಂಬ್ರಿಜ್‌ನಲ್ಲಿ ಗಣಿತದ ಪ್ರಾಧ್ಯಾಪಕನಾದ. ಹಲಗೆಗೆ ಗುಂಡುಸೂಜಿ ಚುಚ್ಚಿ, ಬೆರಳಿನಿಂದ ಸವರಿ ಲೆಕ್ಕ ಮಾಡುತ್ತಿದ್ದ. ಪಾಠ ಹೇಳಿದ ವಿಷಯಗಳಲ್ಲಿ ಬೆಳಕಿನ ಶಾಸ್ತ್ರವೂ ಒಂದು.

"ನಾನೂ ಗುಂಡುಸೂಜಿ ತರಿಸಲೇ?" ಎಂದ ಶಾಮಣ್ಣ.

"ಬೇಡ, ನೀನು ಎಲ್ಲಿ ಕೂರುತ್ತೀಯೆಂದು ನಿನಗೇ ಗೊತ್ತಿರುವುದಿಲ್ಲ," ಎಂದರು ಪದ್ಮಕ್ಕ. ಆಮೇಲೆ ಅವರ ದನಿ ತುಸು ತಗ್ಗಿತು. "ಪಾಂಟ್ರ್ಯಾಗಿನ್ ಎಂಬ ರಷ್ಯದ ಹುಡುಗ. ಹದಿನಾಲ್ಕನೆಯ ವಯಸ್ಸಿನಲ್ಲಿ ಸ್ಟೌ ಸಿಡಿದು ಕಣ್ಣು ಹೋಯಿತು. ತಾಯಿಗೆ ಗಣಿತದ ಗಂಧವಿಲ್ಲ. ಆದರೂ ವರ್ಷಾನುಗಟ್ಟಲೆ ಮಗನಿಗೆ ಗಣಿತದ ಪ್ರಬಂಧಗಳನ್ನು ಓದಿ ಹೇಳಿದಳು. ಹೆಸರು ಗೊತ್ತಿಲ್ಲದ ಚಿಹ್ನೆ ಬಂದರೆ ‘ಬಾಲ ಮೇಲೆ’, ‘ಬಾಲ ಕೆಳಗೆ’ ಎನ್ನುತ್ತಿದ್ದಳಂತೆ. ಅವನು ಇಪ್ಪತ್ತನೆಯ ಶತಮಾನದ ದೊಡ್ಡ ಗಣಿತಜ್ಞರಲ್ಲೊಬ್ಬನಾದ. ಯಾವ ತರಗತಿಯವರೂ ಆ ತಾಯಿಯ ಮಿದುಳನ್ನು ಎಚ್ಚರಿಸಿರಲಿಲ್ಲ."

ಶಾಮಣ್ಣ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

"ನನ್ನ ಅಮ್ಮನಿಗೂ ಅಂಕಿ ಬರುತ್ತಿರಲಿಲ್ಲ," ಎಂದ. "ಮಗ್ಗಿ ಒಪ್ಪಿಸುತ್ತಿದ್ದೆ. ‘ಸರಿಯಾಗಿದೆ ಮಗ’ ಎನ್ನುತ್ತಿದ್ದಳು. ತಪ್ಪಿದ್ದರೂ."

ರಾಯರು ಕೆಮ್ಮಿದರು. ಪಟ್ಟಿ ಬಿಚ್ಚೆಂದು ಅವನಿಗೆ ಯಾರೂ ಹೇಳಲಿಲ್ಲ.