ಪಾಲಿಫ್ಲೋರೀನ್‌ಗೆ ಹಸಿರು ಇರಿಡಿಯಂ ಕಟ್ಟಿದರೂ ಒಎಲ್‌ಇಡಿ ಮಂಕು: ಸೋರುತ್ತಿರುವುದು ಎಲ್ಲಿ?

ಟೊಲ್ವೀನ್_ರಾತ್ರಿ:
ಒಎಲ್‌ಇಡಿ (ಕರೆಂಟ್ ಕೊಟ್ಟರೆ ಬೆಳಗುವ ಸಾವಯವ ಪದರದ ದೀಪ) ಮಾಡುತ್ತಿದ್ದೇನೆ. ಡೈಆಕ್ಟೈಲ್ ಪಾಲಿಫ್ಲೋರೀನ್ (ನೀಲಿ ಬೆಳಗುವ ಪಾಲಿಮರ್; ಇಲ್ಲಿ ಫ್ಲೋರೀನ್ ಎಂದರೆ ಅನಿಲವಲ್ಲ, ಇಂಗಾಲದ ಉಂಗುರಗಳ ಘಟಕ) ಸರಪಳಿ, 1 ಮೋಲ್ ಶೇಕಡಾ ಇರಿಡಿಯಂ ಕಾಂಪ್ಲೆಕ್ಸ್ (ಎರಡು ಫಿನೈಲ್‌ಪಿರಿಡಿನ್, ಒಂದು ಅಸಿಟೈಲ್‌ಅಸಿಟೋನೇಟ್). ಅಸಿಟೈಲ್‌ಅಸಿಟೋನೇಟ್ ಕಡೆಯಿಂದ ಫ್ಲೋರೀನ್‌ನ 9ನೇ ಕಾರ್ಬನ್‌ಗೆ ಗಿಡ್ಡ ಕೊಂಡಿ. ಡಿವೈಸ್‌ನ ಪದರಗಳು, ದಪ್ಪ ನ್ಯಾನೋಮೀಟರ್‌ನಲ್ಲಿ: ಐಟಿಒ (ಪಾರದರ್ಶಕ ವಿದ್ಯುದ್ವಾರ), ಪೆಡಾಟ್ (ರಂಧ್ರ, ಅಂದರೆ ಧನ ಚಾರ್ಜ್, ತುಂಬುವ ಪದರ) 40, ಪಾಲಿಮರ್ 80, ಟಿಪಿಬಿಐ (ಇಲೆಕ್ಟ್ರಾನ್ ಸಾಗಿಸುವ ಪದರ) 30, ಲಿಥಿಯಂ ಫ್ಲೋರೈಡ್ 1, ಅಲ್ಯೂಮಿನಿಯಂ 100. ಯುವಿ ದೀಪದಡಿ ಫಿಲ್ಮ್ ನೀಲಿ, ಕರೆಂಟ್ ಕೊಟ್ಟರೆ 530 ನ್ಯಾನೋಮೀಟರ್ ಸುತ್ತ ಅಗಲವಾದ ಹಸಿರು. ಕ್ವಾಂಟಂ ದಕ್ಷತೆ (ಒಳಹೋದ ಇಲೆಕ್ಟ್ರಾನ್‌ಗಳಿಗೆ ಹೊರಬರುವ ಫೋಟಾನ್‌ಗಳ ಪ್ರಮಾಣ) ಶೇ. 0.5 ದಾಟುತ್ತಿಲ್ಲ. ಇರಿಡಿಯಂ ಶೇ. 3ಕ್ಕೆ ಏರಿಸಿದರೂ ಅಷ್ಟೇ. ಏನು ಬದಲಿಸಬೇಕು?

ಟ್ರಿಪ್ಲೆಟ್_ಲೆಕ್ಕ:
ಇರಿಡಿಯಂ ಸುರಿಯುವುದನ್ನು ನಿಲ್ಲಿಸಿ, ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಪಾಲಿಫ್ಲೋರೀನ್‌ನ ಟ್ರಿಪ್ಲೆಟ್ (ಎರಡು ಇಲೆಕ್ಟ್ರಾನ್‌ಗಳ ಸ್ಪಿನ್ ಒಂದೇ ದಿಕ್ಕಿಗಿರುವ ಉದ್ರೇಕಿತ ಸ್ಥಿತಿ) ಮಟ್ಟ ಸುಮಾರು 2.1 ಇಲೆಕ್ಟ್ರಾನ್‌ವೋಲ್ಟ್, ನಿಮ್ಮ ಹಸಿರು ಕಾಂಪ್ಲೆಕ್ಸ್‌ನದು ಸುಮಾರು 2.4. ಅಂದರೆ ಇರಿಡಿಯಂ ಮೇಲೆ ಸೇರಿದ ಶಕ್ತಿ ಬೆಳಕಾಗುವ ಮೊದಲೇ ಸರಪಳಿಗೆ ಇಳಿದು ಹೋಗುತ್ತದೆ, ಅಲ್ಲಿಂದ ಬೆಳಕಾಗಿ ಹೊರಬರುವುದು ಇಲ್ಲವೇ ಇಲ್ಲ ಎನ್ನಬಹುದು. ವಿದ್ಯುತ್ತಿನಿಂದ ಹುಟ್ಟುವ ಎಕ್ಸಿಟಾನ್‌ಗಳಲ್ಲಿ (ಇಲೆಕ್ಟ್ರಾನ್ ಮತ್ತು ರಂಧ್ರ ಸೇರಿದ ಉದ್ರೇಕಿತ ಜೋಡಿಗಳು) ನಾಲ್ಕರಲ್ಲಿ ಮೂರು ಟ್ರಿಪ್ಲೆಟ್. ಅವನ್ನೇ ಹಿಡಿಯಲೆಂದು ಭಾರಲೋಹ ಹಾಕಿ, ಹಿಡಿದದ್ದನ್ನು ಪಕ್ಕದ ತೂತಿನಲ್ಲಿ ಬಿಟ್ಟಂತಾಯಿತು.

ಯುವಿಯಲ್ಲಿ ನೀಲಿ, ಡಿವೈಸ್‌ನಲ್ಲಿ ಹಸಿರು ಎಂಬುದರಿಂದ ಗೊಂದಲ ಬೇಡ. ಫಿಲ್ಮ್‌ನಲ್ಲಿ ಶಕ್ತಿ ವರ್ಗಾವಣೆ ಅರ್ಧಂಬರ್ಧ ಆಗಿದ್ದರೂ, ಡಿವೈಸ್‌ನಲ್ಲಿ ಚಾರ್ಜ್‌ಗಳು ನೇರವಾಗಿ ಇರಿಡಿಯಂ ಮೇಲೇ ಸಿಕ್ಕಿಬೀಳುತ್ತವೆ.

ಪಾಲಿಫ್ಲೋರೀನ್ ಬಿಡಲು ಮನಸ್ಸಿಲ್ಲದಿದ್ದರೆ ಬಣ್ಣ ಬದಲಿಸಿ. ಫಿನೈಲ್‌ಐಸೊಕ್ವಿನೊಲಿನ್ ಲಿಗಂಡ್‌ನ (ಲೋಹಕ್ಕೆ ಕಟ್ಟಿದ ಅಣು) ಕೆಂಪು ಕಾಂಪ್ಲೆಕ್ಸ್ 620 ನ್ಯಾನೋಮೀಟರ್ ಹತ್ತಿರ, ಅಂದರೆ 2.0ರಲ್ಲಿ ಬೆಳಗುತ್ತದೆ. ಅಂತರ ಚಿಕ್ಕದೇ, ಆದರೆ ಇಳಿಜಾರು ಸರಿಯಾದ ದಿಕ್ಕಿಗಿದೆ.

ಕೀಟೋ_ಪತ್ತೆ:
ಅದಕ್ಕೂ ಮೊದಲು ಒಂದು ಅನುಮಾನ. ಆ ಹಸಿರು ಇರಿಡಿಯಂದೇ ಎಂದು ಹೇಗೆ ಗೊತ್ತು? ಫ್ಲೋರೀನ್ ಆಕ್ಸಿಡೀಕರಣಗೊಂಡು ಫ್ಲೋರಿನೋನ್ (ಇದೇ ಕೀಟೋ ದೋಷ) ಆದರೆ ಅದೂ 530ರ ಆಸುಪಾಸಿನಲ್ಲೇ ಅಗಲವಾಗಿ ಬೆಳಗುತ್ತದೆ. ಫಿಲ್ಮ್ ಅನ್ನು ನೈಟ್ರೋಜನ್‌ನಲ್ಲಿಟ್ಟು, ಪಾಲಿಫ್ಲೋರೀನ್ ಹೀರದ 450 ನ್ಯಾನೋಮೀಟರ್ ಬೆಳಕು ಬಿಟ್ಟು ಹಸಿರಿನ ಕ್ಷಯಕಾಲ ಅಳೆಯಿರಿ. ಮೈಕ್ರೋಸೆಕೆಂಡ್ ಬಂದರೆ ಇರಿಡಿಯಂ, ನ್ಯಾನೋಸೆಕೆಂಡ್ ಬಂದರೆ ಕೀಟೋ ದೋಷ. ದೋಷ ಹೆಚ್ಚಿದ್ದರೆ ಐಆರ್ (ಇನ್ಫ್ರಾರೆಡ್) ರೋಹಿತದಲ್ಲಿ 1720 ಸೆಂ.ಮೀ.⁻¹ ಹತ್ತಿರ ಸಣ್ಣ ಉಬ್ಬೂ ಕಾಣುತ್ತದೆ.

ಮೂಲ ಕಾರಣ ಸಾಮಾನ್ಯವಾಗಿ ಒಂದೇ ಆಲ್ಕೈಲ್ ಹತ್ತಿದ, 9ನೇ ಜಾಗದಲ್ಲಿ ಹೈಡ್ರೋಜನ್ ಉಳಿದ ಮಾನೋಮರ್. ಇಬ್ಬರೂ ಅಪರಾಧಿಗಳು ಒಟ್ಟಿಗೆ ಇರಲೂಬಹುದು.

ಟೊಲ್ವೀನ್_ರಾತ್ರಿ:
ಕೊಂಡಿಯನ್ನು ಉದ್ದ ಮಾಡಿದರೆ ಈ ಹಿಂದಿರುಗುವ ವರ್ಗಾವಣೆ ನಿಲ್ಲುವುದಿಲ್ಲವೇ? ಹಸಿರೇ ಬೇಕಿದೆ.

ಕಾರ್ಬಜೋಲ್_ಪಕ್ಷಪಾತಿ:
ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಡೆಕ್ಸ್ಟರ್ ವರ್ಗಾವಣೆಗೆ (ಇಲೆಕ್ಟ್ರಾನ್ ಅದಲುಬದಲಾಗಿ ಶಕ್ತಿ ದಾಟುವ ಬಗೆ) 1 ನ್ಯಾನೋಮೀಟರ್ ಸುತ್ತಿನ ಒಡನಾಟ ಬೇಕು. ಎಂಟು ಕಾರ್ಬನ್‌ನ ಕೊಂಡಿ ತನ್ನ ಸರಪಳಿಯಿಂದ ದೂರ ಇಟ್ಟರೂ ಫಿಲ್ಮ್‌ನಲ್ಲಿ ಪಕ್ಕದ ಸರಪಳಿ ಬಂದು ಒರಗುತ್ತದೆ. ಹಸಿರಿಗೆ 3,6-ಕಾರ್ಬಜೋಲ್ ಸರಪಳಿ ಹಿಡಿಯಿರಿ, ಅದರ ಟ್ರಿಪ್ಲೆಟ್ ಸುಮಾರು 2.6.

ಬೋರೋನೇಟ್ ಮತ್ತು ಬ್ರೋಮಿನ್ ತುದಿಗಳನ್ನು ಬೆಸೆಯುವ ಸುಜುಕಿ ಜೋಡಣೆಯ ಅಳತೆ: ಕಾರ್ಬಜೋಲ್ ಡೈಬೋರೋನೇಟ್ 1.00 ಮಿಲಿಮೋಲ್, ಡೈಬ್ರೋಮೋ ಕಾರ್ಬಜೋಲ್ 0.98, ಡೈಬ್ರೋಮೋ ಇರಿಡಿಯಂ ಮಾನೋಮರ್ 0.02. ಟೊಲ್ವೀನ್ 10 ಮಿ.ಲೀ., 2 ಮೋಲಾರ್ ಪೊಟ್ಯಾಶಿಯಂ ಕಾರ್ಬನೇಟ್ 5 ಮಿ.ಲೀ., ಅಲಿಕ್ವಾಟ್ 336 (ನೀರಿನಿಂದ ಟೊಲ್ವೀನ್‌ಗೆ ಅಯಾನು ದಾಟಿಸುವ ಲವಣ) ಎರಡು ಹನಿ. ಅರ್ಧ ಗಂಟೆ ಆರ್ಗಾನ್ ಗುಳ್ಳೆ ಬಿಟ್ಟ ಮೇಲೇ ಟೆಟ್ರಾಕಿಸ್ ಪಲ್ಲಾಡಿಯಂ 0.01 ಮಿಲಿಮೋಲ್ ಹಾಕಿ, 90 ಡಿಗ್ರಿಯಲ್ಲಿ 48 ಗಂಟೆ. ನಂತರ ಸರಪಳಿಯ ತುದಿ ಮುಚ್ಚಲು ಫಿನೈಲ್‌ಬೋರೋನಿಕ್ ಆಮ್ಲ ಆರು ಗಂಟೆ, ಬ್ರೋಮೋಬೆಂಜೀನ್ ಆರು ಗಂಟೆ. ತುದಿಯಲ್ಲಿ ಬ್ರೋಮಿನ್ ಉಳಿದರೆ ಅದೇ ಚಾರ್ಜ್ ಹಿಡಿಯುವ ಗುಂಡಿ.

ತಕ್ಕಡಿಯ ಮುಂದೆ ಜಿಪುಣತನ ತೋರಿಸಬೇಕಾದದ್ದು ಡೈಬೋರೋನೇಟ್‌ಗೆ. ಇರಿಡಿಯಂ ಹರಳಿನಲ್ಲಿ ಡೈಕ್ಲೋರೋಮೀಥೇನ್ ಕೂತು ತೂಕ ಶೇ. 8 ತಪ್ಪಿದರೂ ಒಟ್ಟು ಬ್ರೋಮಿನ್ ಲೆಕ್ಕ ಶೇ. 0.16 ಮಾತ್ರ ಕೆಡುತ್ತದೆ. ಬೋರೋನೇಟ್ ಶೇ. 2 ಕಡಿಮೆಯಾದರೆ ಸರಪಳಿ ಸರಾಸರಿ 99 ಘಟಕ ದಾಟುವುದಿಲ್ಲ. 3,6 ಜೋಡಣೆಯಲ್ಲಿ ಉಂಗುರಾಕಾರದ ಸಣ್ಣ ತುಣುಕುಗಳೂ ಹುಟ್ಟುತ್ತವೆ. ಅಸಿಟೋನ್ ಸಾಕ್ಸ್‌ಲೆಟ್ (ಬಿಸಿ ದ್ರಾವಕದಿಂದ ಮತ್ತೆ ಮತ್ತೆ ತೊಳೆಯುವ ಸಾಧನ) 24 ಗಂಟೆ ಓಡಿಸಿ ತೆಗೆಯಿರಿ, ಇಲ್ಲದಿದ್ದರೆ ಫಿಲ್ಮ್ ಬಿರುಕು ಬಿಡುತ್ತದೆ.

ಇನ್ನೊಂದು: ಅಭ್ಯಾಸಬಲದಿಂದ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ಮೆಥನಾಲ್‌ನಲ್ಲಿ ಪಾಲಿಮರ್ ಒತ್ತರಿಸಬೇಡಿ. ಆಮ್ಲ ಅಸಿಟೈಲ್‌ಅಸಿಟೋನೇಟನ್ನು ಕಿತ್ತುಹಾಕಿ ಇರಿಡಿಯಂ ಅನ್ನು ಕ್ಲೋರೋ-ಡೈಮರ್ ಮಾಡುತ್ತದೆ. ಬರೀ ಮೆಥನಾಲ್ ಸಾಕು. ಎನ್‌ಎಂಆರ್‌ನಲ್ಲಿ 5.2 ಪಿಪಿಎಂ ಹತ್ತಿರ ಅಸಿಟೈಲ್‌ಅಸಿಟೋನೇಟ್‌ನ ಸಿಂಗ್ಲೆಟ್ (ಒಂಟಿ ಶಿಖರ) ಉಳಿದಿದೆಯೇ ನೋಡಿ. 1 ಶೇಕಡಾದಲ್ಲಿ ಅದು ಗದ್ದಲದಲ್ಲಿ ಮುಳುಗುತ್ತದೆ, ಸ್ಕ್ಯಾನ್ ಹೆಚ್ಚಿಸಿ.

ಟ್ರಿಪ್ಲೆಟ್_ಲೆಕ್ಕ:
ಕಾಂಜುಗೇಷನ್ನೇ (ಸರಪಳಿಯುದ್ದಕ್ಕೂ ಹರಡಿದ ಇಲೆಕ್ಟ್ರಾನ್ ಜಾಲ) ಬೇಡವೆಂದರೆ ವಿನೈಲ್ ದಾರಿಯೂ ಇದೆ. 2003ರಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ತಂಡ ಕಾರ್ಬಜೋಲ್ ಮತ್ತು ಇರಿಡಿಯಂ ಎರಡನ್ನೂ ಪಕ್ಕದ ಗುಂಪುಗಳಾಗಿ ತೂಗುಹಾಕಿದ ಪಾಲಿಮರ್‌ನಿಂದ ಹಸಿರಿನಲ್ಲಿ ಶೇ. 9 ದಕ್ಷತೆ ತೋರಿಸಿತ್ತು. ಕಾರ್ಬಜೋಲ್ ರಂಧ್ರಗಳನ್ನಷ್ಟೇ ಚೆನ್ನಾಗಿ ಸಾಗಿಸುತ್ತದೆ. ಇಲೆಕ್ಟ್ರಾನ್ ಸಾಗಿಸಲು ಆಕ್ಸಾಡಯಜೋಲ್‌ನ ಒಎಕ್ಸ್‌ಡಿ-7 ಬೆರೆಸಿ. ಅದೇ ಜಾತಿಯ ಪಿಬಿಡಿ ಬೇಡ, ಅದರ ಟ್ರಿಪ್ಲೆಟ್ ಹಸಿರಿಗೆ ತೀರಾ ಹತ್ತಿರ.